ಬಾಕಿ ಉಳಿದ ಅರ್ಧ ಕ್ರಾಪು

“ಅಯ್ಯೋ! ಅದು ಕಿವಿ ಕಣ್ರೀ… ಕೂದಲಲ್ಲ!”

ಕುರ್ಚಿಯಲ್ಲಿ ಕೂತವನು ಚೀರಿದ ಮೇಲೆಯೇ ಅವಳಿಗೆ ಗೊತ್ತಾದದ್ದು, ತನ್ನ ಕತ್ತರಿ ಎಲ್ಲಿಗೆ ಹೋಗಿದೆ ಎಂದು. ಅವನ ಕೊರಳಿಗೆ ಸುತ್ತಿದ್ದ ಬಿಳಿ ಬಟ್ಟೆಯ ಮೇಲೆ ಒಂದು ಹನಿ ರಕ್ತ ಬಿತ್ತು. ಹಿಂದೆಯೇ ಇನ್ನೊಂದು.

ಅವಳು ತನ್ನ ಕೈ ನೋಡಿಕೊಂಡಳು. ಕತ್ತರಿ ಕೈಯಲ್ಲೇ ಇತ್ತು. ಆದರೆ ಅದು ಇದೆ ಅನ್ನುವುದೇ ಬೆರಳಿಗೆ ತಿಳಿಯುತ್ತಿರಲಿಲ್ಲ! ಕೆಲವು ವಾರಗಳಿಂದ ಬೆರಳ ತುದಿ ಜುಂ ಅನ್ನುತ್ತಿತ್ತು. ಈಗ ಆ ಜುಂ ಕೂಡ ಇಲ್ಲ.

‘ದೇವರೇ… ನನ್ನ ಕೈಗೆ ಏನಾಗ್ತಿದೆ?’

ಆದರೆ ಅದನ್ನು ಬಾಯಿಬಿಟ್ಟು ಹೇಳುವ ಪೈಕಿಯೇ ನಮ್ಮ ಹುಡುಗಿ? ಹತ್ತಿಯನ್ನು ಅವನ ಕಿವಿಗೆ ಒತ್ತಿ, ಮೂಗು ಮೇಲೆ ಮಾಡಿ, “ನೀವು ಅಲ್ಲಾಡಿದ್ರಿ,” ಎಂದಳು. “ಗಂಡಸರಿಗೆ ಒಂದು ಗಳಿಗೆ ನೆಟ್ಟಗೆ ಕೂತ್ಕೊಳ್ಳೋಕೂ ಬರಲ್ಲ.”

“ನಾನು ಅಲ್ಲಾಡಿಲ್ಲ. ಕನ್ನಡಿ ನೋಡ್ತಾ ಇದ್ದೆ.”

“ಹಾಗಾದ್ರೆ ನಿಮ್ಮ ಮುಖ ನೋಡಿ ನೀವೇ ಬೆಚ್ಚಿಬಿದ್ದಿರ್ಬೇಕು!”

ಗೋಡೆ ಬದಿಯ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಅದು ಅವಳದೇ ಪಾರ್ಲರು. ಗಂಡಸರಿಗೂ ಹೆಂಗಸರಿಗೂ ಅದೇ ಕುರ್ಚಿ, ಅದೇ ಕತ್ತರಿ. ಕುರ್ಚಿಯಲ್ಲಿದ್ದವನು ಹಿಂದಿನ ರಸ್ತೆಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವನು. ಎಲ್ಲರೂ ಅವನನ್ನು ‘ಬ್ರೇಕ್ ಮೇಷ್ಟ್ರು’ ಅನ್ನುತ್ತಿದ್ದರು. ದಿನವಿಡೀ ‘ಬ್ರೇಕು, ಬ್ರೇಕು!’ ಅಂತ ಕಿರುಚಿಕೊಳ್ಳುವುದಕ್ಕೆ ಆ ಹೆಸರು ಬಿದ್ದಿರಬೇಕು ಅಂತ ಅವಳು ಅಂದುಕೊಂಡಿದ್ದಳು. ಅವನನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ.

ಅವನು ನಗಲಿಲ್ಲ. ಕನ್ನಡಿಯೊಳಗಿಂದಲೇ ಅವಳನ್ನು ನೋಡಿ ಹೇಳಿದ. “ಈ ಕನ್ನಡೀಲಿ ನಿಮ್ಮ ಒಳಗಿನ ಕೋಣೆ ಕಾಣ್ಸುತ್ತೆ ಮೇಡಂ. ಆಗ್ಲೇ ಒಂದು ಹಿಡಿ ಮಾತ್ರೆ ಒಟ್ಟಿಗೆ ನುಂಗಿದ್ರಲ್ಲ? ಐರನ್ನು, ಕ್ಯಾಲ್ಸಿಯಂ, ವಿಟಮಿನ್ನು… ಎಲ್ಲಾ ಒಂದೇ ಗುಟುಕಿಗೆ. ಅದೂ ಹಾಲಿನ ಜೊತೆ! ಯಾವ ಮಹಾ ಬುದ್ಧಿವಂತರು ಹೇಳ್ಕೊಟ್ರು ನಿಮಗೆ?”

“ಏನ್ರೀ ಅದು, ತಲೆಹರಟೆ…”

“ಹೊಟ್ಟೆ ಆಪರೇಷನ್ ಆಗಿ ಎಷ್ಟು ದಿನ ಆಯ್ತು?”

ಬೆಂಚಿನಲ್ಲಿದ್ದ ಅಷ್ಟೂ ಕಣ್ಣು ಕನ್ನಡಿಯ ಮೇಲಿನ ಪಟಕ್ಕೆ ಹೋದವು. ಅಲ್ಲಿ ಅವಳ ಎರಡು ಫೋಟೋ ಅಕ್ಕಪಕ್ಕ ತೂಗುತ್ತಿದ್ದವು. ಹಳೆಯದರಲ್ಲಿ ಚೌಕಟ್ಟಿನ ತುಂಬ ಅವಳೇ. ಹೊಸದರಲ್ಲಿ ಬಳುಕುವ ಸೊಂಟ. ಕೆಳಗೆ ದೊಡ್ಡ ಅಕ್ಷರ: ‘ಎಲ್ಲಾ ಮನೋಬಲ!’

ಅವಳ ಮುಖ ಕೆಂಪಾಯಿತು. “ಏಳ್ರೀ ಮೇಲೆ! ಆಚೆ ನಡೀರಿ!”

“ಇನ್ನೂ ಅರ್ಧ ತಲೆ ಬಾಕಿ ಇದೆ.”

“ನಿಮ್ಮ ತಲೇಲಿ ಇರೋದೇ ಅರ್ಧ. ಅದಕ್ಕೆ ಇಷ್ಟು ಸಾಕು!”

ಅವನು ಎದ್ದ. ಬಲಗಡೆ ಚೆಂದದ ಕ್ರಾಪು, ಎಡಗಡೆ ಪೊದೆ. ಕಿವಿಗೆ ಹತ್ತಿ. ಬೇರೆ ಯಾರಾದರೂ ಆಗಿದ್ದರೆ ನಾಚಿಕೆಯಿಂದ ಸತ್ತೇ ಹೋಗುತ್ತಿದ್ದರು. ಈ ಮನುಷ್ಯ ಬಾಗಿಲಲ್ಲಿ ನಿಂತು ತಣ್ಣಗೆ ಹೇಳಿದ. “ಬೇರೆ ಕಡೆ ಹೋಗಲ್ಲ. ಅರ್ಧ ಮಾಡಿದೋರೇ ಪೂರ್ತಿ ಮಾಡ್ಬೇಕು.”

“ಸತ್ರೂ ನಿಮ್ಮ ತಲೆ ಮುಟ್ಟಲ್ಲ ನಾನು!”

“ಮುಟ್ಟಿದ್ರೂ ನಿಮಗೆ ತಿಳಿಯಲ್ಲ ಬಿಡಿ… ಆ ಬೆರಳಿಗೆ.”

ಬಾಗಿಲು ಮುಚ್ಚಿತು. ಇವನಿಗೆ ಹೇಗೆ ಗೊತ್ತು?

ಅವಳ ಕಥೆಯನ್ನು ಸ್ವಲ್ಪ ಹೇಳಿಬಿಡುತ್ತೇನೆ. ಹೇಳದಿದ್ದರೆ ನೀವೂ ಅವಳನ್ನು ಜಂಬದ ಕೋಳಿ ಅಂದುಬಿಡುತ್ತೀರಿ. ಜಂಬ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅದು ಎಲ್ಲಿಂದ ಬಂತು ಅಂತ ಕೇಳಿ.

ಚಿಕ್ಕಂದಿನಿಂದ ನೆಂಟರಿಷ್ಟರ ಬಾಯಲ್ಲಿ ಅವಳು ‘ಗುಂಡಮ್ಮ’. ಯಾರ ಮನೆಗೆ ಹೋದರೂ ಒಬ್ಬ ಚಿಕ್ಕಪ್ಪನೋ ಮಾವನೋ, “ಗುಂಡಮ್ಮ ಬಂದ್ಲು, ಎರಡು ಕುರ್ಚಿ ಜೋಡ್ಸಿ!” ಅನ್ನುತ್ತಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ತಮ್ಮ ಹೊಟ್ಟೆ ಮೇಜಿಗೆ ತಾಗುತ್ತಿರುವುದು ಆ ಮಹಾನುಭಾವರಿಗೆ ಕಾಣುತ್ತಿರಲಿಲ್ಲ! ಮೊಣಕಾಲು ನೋವು, ಸಕ್ಕರೆ, ಏದುಸಿರು ಎಲ್ಲ ಶುರುವಾದ ಮೇಲೆ ಎರಡು ವರ್ಷದ ಹಿಂದೆ ದೂರದ ಊರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಹೊಟ್ಟೆಯನ್ನು ಮೊಟ್ಟೆಯಷ್ಟು ಪುಟ್ಟದು ಮಾಡಿ, ಕರುಳಿನ ದಾರಿ ಬದಲಿಸಿದ್ದರು.

ಅವಳನ್ನು ಸಾಕಿದ ಸೋದರತ್ತೆ ಅಂದೇ ಅಪ್ಪಣೆ ಹೊರಡಿಸಿದಳು. “ಹೊಟ್ಟೆ ಕೊಯ್ಸಿಕೊಂಡೋಳು ಅಂತ ಗೊತ್ತಾದ್ರೆ ಯಾರೇ ಮದುವೆ ಆಗ್ತಾರೆ? ವಾಕಿಂಗ್ ಮಾಡ್ದೆ, ಬಿಸಿನೀರು ಕುಡಿದೆ ಅನ್ನು. ಅಷ್ಟೇ.”

ಗುಂಡಮ್ಮ ಅಂದ ಅವೇ ಬಾಯಿಗಳು ಈಗ ‘ಅಬ್ಬಾ, ಹೇಗೇ ಇಳಿಸ್ದೆ?’ ಅಂದವು. ಅವಳು ‘ಮನೋಬಲ’ ಅಂದಳು. ಹೇಳಿ ಹೇಳಿ ತಾನೇ ನಂಬಿದಳು. ಆಮೇಲೆ ಇನ್ನೂ ಕೆಟ್ಟದ್ದು ಆಯಿತು. ದಪ್ಪಗಿರುವ ಗಿರಾಕಿಗಳನ್ನು ಕಂಡರೆ ಅವಳಿಗೇ ಅಸಡ್ಡೆ! ಪ್ರತಿ ತಿಂಗಳು ಬರುವ ಲೈಬ್ರರಿ ಅಕ್ಕನಿಗೆ, “ಬಾಯಿಗೆ ಬೀಗ ಹಾಕಿ ಅಕ್ಕಾ, ನನ್ನ ನೋಡಿ ಕಲೀರಿ,” ಅನ್ನುತ್ತಿದ್ದಳು. ಪಾಪ, ಆಕೆ ತಲೆ ತಗ್ಗಿಸಿ ಕೂರುತ್ತಿದ್ದಳು.

ಇನ್ನು ಮಾತ್ರೆಯ ವಿಷಯ. ಆ ಆಪರೇಷನ್ ಆದವರಿಗೆ ಊಟದಿಂದ ಬರುವ ಸತ್ವ ಸಾಲದು. ಜೀವನಪೂರ್ತಿ ಮಾತ್ರೆ ಬೇಕೇ ಬೇಕು. ಯಾವುದನ್ನು ಬೆಳಿಗ್ಗೆ, ಯಾವುದನ್ನು ಮಧ್ಯಾಹ್ನ, ಯಾವುದರ ಜೊತೆ ಯಾವುದು ಕೂಡದು ಎಂದೆಲ್ಲ ಡಾಕ್ಟರು ಬಿಡಿಸಿ ಹೇಳಿ ಕಳಿಸಿದ್ದರು. ಆದರೆ ನಮ್ಮ ಅತ್ತೆಗೆ ಡಾಕ್ಟರಿಗಿಂತ ನೆಂಟರ ಭಯ ಹೆಚ್ಚು. “ದಿನವಿಡೀ ಮಾತ್ರೆ ನುಂಗ್ತಾ ಕೂತ್ರೆ ಜನ ಕೇಳಲ್ವಾ? ಒಂದೇ ಲೋಟ ಹಾಲಲ್ಲಿ ಎಲ್ಲಾ ಮುಗಿಸಿಬಿಡು. ಹೋಗೋದು ಒಂದೇ ಹೊಟ್ಟೆಗೆ ತಾನೆ!”

ಅಂದಿನಿಂದ ದಿನಾ ಬೆಳಿಗ್ಗೆ ಅಡುಗೆಮನೆ ಬಾಗಿಲು ಹಾಕಿಕೊಂಡು, ಒಂದು ಹಿಡಿ ಮಾತ್ರೆ, ಒಂದು ಲೋಟ ಹಾಲು. ಯಾರಾದರೂ ನೋಡಿಬಿಟ್ಟಾರು ಅಂತ ರಕ್ತಪರೀಕ್ಷೆಗೂ ಹೋಗಲಿಲ್ಲ. ಇವತ್ತು ಮನೆಯಲ್ಲಿ ಮರೆತದ್ದನ್ನು ಪಾರ್ಲರಿನಲ್ಲಿ ನುಂಗಿದ್ದಳು. ಅಷ್ಟಕ್ಕೇ ಸಿಕ್ಕಿಬಿದ್ದಳು.

ಮೇಲಾಗಿ ಭಾನುವಾರ ಸೋಫಾ ಅಂಗಡಿಯವರು ಊಟಕ್ಕೆ ಬರುವವರಿದ್ದರು. ಊರಿನ ದೊಡ್ಡ ಪೀಠೋಪಕರಣದ ಅಂಗಡಿ ಅವರದು. ಅವರ ಒಬ್ಬನೇ ಮಗನಿಗೆ ಇವಳನ್ನು ಕೊಡುವುದೆಂದು ಅತ್ತೆ ಮಾತಾಡಿಟ್ಟಿದ್ದಳು.

ಮರುದಿನ ಬೆಳಿಗ್ಗೆ ಪಾರ್ಲರಿನ ಬಾಗಿಲು ತೆಗೆಯುವಷ್ಟರಲ್ಲಿ ಬ್ರೇಕ್ ಮೇಷ್ಟ್ರು ಹಾಜರ್! ತಲೆ ಹಾಗೇ ಇತ್ತು, ಅರ್ಧ ಕ್ರಾಪು, ಅರ್ಧ ಪೊದೆ.

“ನಾಚಿಕೆ ಆಗಲ್ವಾ ನಿಮಗೆ?” ಎಂದಳು.

“ನಾಚ್ಕೋಬೇಕಾದೋರು ಕತ್ತರಿಸಿದೋರು.” ಅವನು ಮೇಜಿನ ಮೇಲೆ ಮಾತ್ರೆಯ ಒಂದು ಸಣ್ಣ ಪಟ್ಟಿ ಇಟ್ಟ. “ಇದು ಬಿ-12. ನಾಲಿಗೆ ಅಡಿ ಇಟ್ಕೊಂಡು ಕರಗಿಸ್ಕೊಳ್ಳೋದು. ಬರೀ ಇದ್ರಿಂದ ಆಗಲ್ಲ. ಇವತ್ತೇ ಹೋಗಿ ರಕ್ತ ತೋರ್ಸಿ. ಇಂಜೆಕ್ಷನ್ ಬೇಕಾಗ್ಬಹುದು.”

“ಗೇರ್ ಹಾಕೋದು ಹೇಳ್ಕೊಡೋರಿಗೆ ಡಾಕ್ಟರಿಕೆ ಯಾಕೋ?”

“ಡಾಕ್ಟರು ಹೇಳಿದ್ದನ್ನೇ ಹೇಳ್ತಿದ್ದೀನಿ. ನಿಮಗೂ ಹೇಳಿರ್ತಾರೆ, ನೀವು ಕಿವಿಗೆ ಹಾಕ್ಕೊಂಡಿಲ್ಲ. ಐರನ್ನೂ ಕ್ಯಾಲ್ಸಿಯಮ್ಮೂ ಒಟ್ಟಿಗೆ ಹೋದ್ರೆ ಒಂದು ಇನ್ನೊಂದಕ್ಕೆ ಅಡ್ಡ ನಿಲ್ಲುತ್ತೆ. ಎರಡರ ಮಧ್ಯೆ ಎರಡು ಗಂಟೆ ಬಿಡ್ಬೇಕು. ಹಾಲು, ಟೀ ಜೊತೆ ಐರನ್ ಮುಟ್ಟಲೇಬಾರದು. ಹಿಡಿ ಹಿಡಿ ನುಂಗಿದ್ರೆ ಗಂಟಲಿಗೆ ಕೆಲಸ, ಮೈಗೆ ಹತ್ತೋದು ಅಷ್ಟರಲ್ಲೇ ಇದೆ.”

“ಆಯ್ತಾ ಪಾಠ?”

“ಒಂದು ನಿಮಿಷ. ಕೈ ಚಾಚಿ, ಕಣ್ಣು ಮುಚ್ಚಿ.”

“ಏನು?!”

“ಮುಚ್ರೀ, ಕಚ್ಚಲ್ಲ ನಾನು.”

ಯಾಕೋ ಮುಚ್ಚಿದಳು. “ನಿಮ್ಮ ಕೈಯಲ್ಲಿ ಏನಿಟ್ಟೆ ಹೇಳಿ,” ಎಂದ.

“ಏನೂ ಇಟ್ಟೇ ಇಲ್ವಲ್ಲ!”

ಕಣ್ಣು ತೆರೆದಳು. ಅಂಗೈ ಮೇಲೆ ಅವಳದೇ ಬಾಚಣಿಗೆ ಇತ್ತು. ಅದರ ಹಲ್ಲು ಚರ್ಮಕ್ಕೆ ಒತ್ತಿ ಗುರುತು ಮೂಡಿತ್ತು.

ಎರಡು ವರ್ಷದಿಂದ ಎಲ್ಲರೂ ಅವಳ ಸೊಂಟ ನೋಡಿದ್ದರು, ಕೆನ್ನೆ ನೋಡಿದ್ದರು. ಕೈ ನೋಡಿದವನು ಇವನೊಬ್ಬನೇ. ‘ಯಾಕೆ ಇಷ್ಟು ಅಕ್ಕರೆ ಈ ಒರಟನಿಗೆ?’ ಅನ್ನಿಸಿತು. ಅನ್ನಿಸಿದ್ದಕ್ಕೇ ಸಿಟ್ಟೂ ಬಂತು.

“ಹೊರಡಿ. ಗಿರಾಕಿ ಬರೋ ಹೊತ್ತು.”

ಅವನು ಹೊರಟ. ಆ ಪಟ್ಟಿಯನ್ನು ಮಾತ್ರ ಅವಳು ಕಸದ ಬುಟ್ಟಿಗೆ ಹಾಕಲಿಲ್ಲ.

ಮಧ್ಯಾಹ್ನ ಅತ್ತೆ ಏದುಸಿರು ಬಿಡುತ್ತಾ ಪಾರ್ಲರಿಗೆ ನುಗ್ಗಿದಳು. “ಮುಗೀತು ಕಣೇ ನಮ್ಮ ಮರ್ಯಾದೆ! ಆ ಬ್ರೇಕ್ ಮೇಷ್ಟ್ರು ಟೀ ಅಂಗಡೀಲಿ ಕೂತು ಊರಿಗೆಲ್ಲ ಹೇಳ್ತಿದ್ದಾನೆ! ಹೊಟ್ಟೆ ಆಪರೇಷನ್ನಂತೆ, ಕರುಳಂತೆ, ಮಾತ್ರೆಯಂತೆ… ನನ್ನ ಕಿವಿಯಾರೆ ಕೇಳ್ದೆ! ಭಾನುವಾರ ಸೋಫಾ ಅಂಗಡಿಯೋರಿಗೆ ಏನು ಮುಖ ತೋರ್ಸೋದು?”

ಅವಳ ಮೈ ಉರಿಯಿತು. ಅಂದರೆ ಬೆಳಿಗ್ಗೆ ಆಡಿದ್ದೆಲ್ಲ ನಾಟಕ! ಚಾಡಿಬುಡುಕ! ಏಪ್ರನ್ ಕೂಡ ಬಿಚ್ಚದೆ ಹಿಂದಿನ ರಸ್ತೆಗೆ ಧಾವಿಸಿದಳು.

ಅವನು ಮೈದಾನದಲ್ಲಿ ಕಾರಿನ ಪಕ್ಕ ನಿಂತು ನಾಲ್ಕೈದು ಮಂದಿಗೆ ಕ್ಲಚ್ಚಿನ ಪಾಠ ಮಾಡುತ್ತಿದ್ದ. ಕಲಿಯುವವರಲ್ಲಿ ಕೆಂಪು ಕನ್ನಡಕದ ಒಬ್ಬ ಅಜ್ಜಿಯೂ ಇದ್ದಳು.

“ಥೂ! ನೀವೂ ಒಬ್ಬ ಗಂಡಸಾ?” ಅವಳ ದನಿಗೆ ಅಷ್ಟೂ ಜನ ತಿರುಗಿದರು. “ಒಬ್ಬ ಹೆಣ್ಣಿನ ಗುಟ್ಟು ಸಿಕ್ತು ಅಂತ ಟೀ ಅಂಗಡೀಲಿ ಹಂಚ್ತೀರಾ? ದಪ್ಪ ಇದ್ದಾಗ ನಿಮ್ಮಂಥೋರ ಕಣ್ಣಿಗೆ ನಾವು ತಮಾಷೆ. ಸಣ್ಣ ಆದ್ರೂ ತಮಾಷೆ! ದಪ್ಪಗಿರೋದು ಅಂದ್ರೆ ಏನು ಅಂತ ಗೊತ್ತಾ ನಿಮಗೆ? ಒಂದು ದಿನ ಆ ಮೈಯಲ್ಲಿ ಬದುಕಿ ನೋಡಿದ್ದೀರಾ?”

ಅವನು ಅಂಗಿಯ ಅಂಚು ಹಿಡಿದು, ಎಲ್ಲರ ಮುಂದೆ ಹೊಟ್ಟೆಯ ಮೇಲಕ್ಕೆ ಎತ್ತಿದ.

ಅಲ್ಲಲ್ಲಿ ಸಣ್ಣ ಸಣ್ಣ ಗಾಯದ ಗುರುತು. ಅವಳ ಹೊಟ್ಟೆಯ ಮೇಲೆ ಎಲ್ಲೆಲ್ಲಿ ಇದ್ದವೋ ಅಲ್ಲಲ್ಲೇ. ಸಡಿಲವಾಗಿ ಜೋತ ಚರ್ಮ.

“ಟೀ ಅಂಗಡೀಲಿ ಹೇಳಿದ್ದು ನನ್ನ ಹೊಟ್ಟೆ ಕಥೆ,” ಎಂದ. “ದಿನಾ ಹೇಳ್ತೀನಿ. ಇವರೆಲ್ಲ ಕೇಳಿ ಕೇಳಿ ಬೇಜಾರಾಗಿದ್ದಾರೆ.”

“ಹೌದಮ್ಮಾ, ತಲೆ ಚಿಟ್ಟು ಹಿಡಿದು ಹೋಗಿದೆ!” ಎಂದಳು ಕೆಂಪು ಕನ್ನಡಕದ ಅಜ್ಜಿ.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. ಅವನು ಅಂಗಿ ಇಳಿಸಿ, ಅವಳನ್ನು ಕಾರಿನ ಆಚೆ ಬದಿಗೆ ಕರೆದ. ದನಿ ತಗ್ಗಿತ್ತು, ಆದರೆ ಸಿಟ್ಟು ಹಾಗೇ ಇತ್ತು.

“ನನ್ನನ್ನ ಬ್ರೇಕ್ ಮೇಷ್ಟ್ರು ಅಂತ ಯಾಕಂತಾರೆ ಗೊತ್ತಾ? ಆಪರೇಷನ್ ಆಗಿ ಸಣ್ಣಗಾದ ಜೋರಲ್ಲಿ ನಾನೂ ಮಾತ್ರೆ ಬಿಟ್ಟೆ. ಹುಷಾರಾಗಿದ್ದೀನಲ್ಲ, ಇನ್ಯಾಕೆ ಅಂತ. ಪಾದ ಮರಗಟ್ಟಿತು. ಯಾರಿಗೂ ಹೇಳ್ಲಿಲ್ಲ. ಕಲಿಯೋರ ಪಕ್ಕ ಕೂರೋ ಮೇಷ್ಟ್ರಿಗೆ ಅಂತಲೇ ಇನ್ನೊಂದು ಬ್ರೇಕ್ ಇರುತ್ತೆ. ಒಂದು ದಿನ ಒತ್ತಿದ್ದೀನಿ ಅಂದ್ಕೊಂಡೆ… ಒತ್ತಿರ್ಲಿಲ್ಲ. ಕಾರು ಸೋಫಾ ಅಂಗಡಿ ಗಾಜು ಒಡೆದು ಒಳಗೆ ಹೋಯ್ತು. ಯಾರೂ ಸಾಯ್ಲಿಲ್ಲ, ಅದು ನನ್ನ ಪುಣ್ಯ. ಅವತ್ತಿಂದ ಮುಚ್ಚಿಡೋದು ಬಿಟ್ಟೆ.”

ಬರೀ ಕಿರುಚಾಟಕ್ಕೆ ಬಿದ್ದದ್ದು ಅಂತ ಅವಳು ಅಂದುಕೊಂಡಿದ್ದ ಹೆಸರು ಅದು!

“ಈಗ್ಲೇ ಕಾರು ಹತ್ತಿ. ಆಸ್ಪತ್ರೆಗೆ ಬಿಡ್ತೀನಿ.”

“ಈಗ ಆಗಲ್ಲ,” ಎಂದಳು ಮೆಲ್ಲಗೆ. “ಭಾನುವಾರ ಅವ್ರು ಬರ್ತಾರೆ… ಅದಾದ್ಮೇಲೆ.”

“ಯಾರು?”

“ನನ್ನ… ನನ್ನನ್ನ ಮದುವೆ ಆಗೋರು. ಸೋಫಾ ಅಂಗಡಿಯೋರ ಮಗ.”

ಅವನ ಮುಖದಲ್ಲಿ ಏನೋ ಆರಿಹೋಯಿತು. ಆಮೇಲೆ ಬಂದದ್ದು ಬರೀ ತಾತ್ಸಾರ. “ಓಹೋ. ಮೊದ್ಲು ಭಾನುವಾರ, ಆಮೇಲೆ ಮದುವೆ, ಆಮೇಲೆ ಅತ್ತೆಮನೆ. ನರ ಅಷ್ಟು ದಿನ ಕಾಯ್ತಾ ಕೂರಲ್ಲ ಮೇಡಂ. ತಡ ಆದ್ರೆ ಹೋದ ಸ್ಪರ್ಶ ಪೂರ್ತಿ ವಾಪಸ್ ಬರುತ್ತೆ ಅಂತ ಹೇಳೋಕಾಗಲ್ಲ, ಅಂದಿದ್ರು ನಮ್ಮ ಡಾಕ್ಟರು. ನಿಮಗೆ ಕತ್ತರಿ ಬೇಡ, ಕೈ ಬೇಡ. ಹೊಗಳಿಕೆ ಒಂದಿದ್ರೆ ಸಾಕು. ಹೋಗಿ, ಗೊಂಬೆ ಥರ ಕೂತ್ಕೊಳ್ಳಿ!”

“ನಿಮಗೇನ್ರೀ ನೋವು ಅದ್ರಿಂದ?”

ಅವನು ಕಾರು ಹತ್ತಿ ಬಾಗಿಲು ದಡಾರನೆ ಹಾಕಿಕೊಂಡ.

ಅವಳು ಅಳುತ್ತಾ ವಾಪಸಾದಳು. ಯಾಕೆ ಅಳುತ್ತಿದ್ದೇನೆ ಅಂತ ಕೇಳಿಕೊಳ್ಳುವ ಧೈರ್ಯವೂ ಅವಳಿಗೆ ಇರಲಿಲ್ಲ.

ಭಾನುವಾರ ಸಂಜೆ ಸೋಫಾ ಅಂಗಡಿಯವರು ಬಂದರು. ತಾಯಿ, ಮಗ. ಮನೆಯಲ್ಲಿದ್ದ ಕುರ್ಚಿಗಳನ್ನು ಒತ್ತಿ ಒತ್ತಿ ನೋಡಿ, “ಸ್ಪಂಜು ಹೋಗಿದೆ,” ಅಂದದ್ದೇ ಆ ಯಜಮಾನಿಯ ಮೊದಲ ಮಾತು. ಇಂಥವರನ್ನೂ ಜನ ಮನೆಗೆ ಕರೆದು ಊಟ ಹಾಕುತ್ತಾರಲ್ಲ!

ಆಮೇಲೆ ಆಕೆ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, “ಚೆನ್ನಾಗಿ ಮೈ ಇಟ್ಕೊಂಡಿದ್ದಾಳೆ. ನಮ್ಮ ಶೋರೂಮಲ್ಲಿ ನಿಲ್ಲಿಸಿದ್ರೆ ಲಕ್ಷಣವಾಗಿರುತ್ತೆ,” ಎಂದಳು. ಬೀರುವಿನ ಬಗ್ಗೆಯೂ ಆಕೆ ಹೀಗೇ ಮಾತಾಡುತ್ತಿದ್ದಳೋ ಏನೋ.

ಮಗ ಫೋನಿನಿಂದ ಕಣ್ಣೆತ್ತಿದ. “ಮತ್ತೆ ದಪ್ಪ ಆಗಲ್ಲ ತಾನೆ? ಅದಕ್ಕೇನು ಗ್ಯಾರಂಟಿ?”

ಅತ್ತೆ ಹಲ್ಲು ಕಿರಿದಳು. “ಅಯ್ಯೋ ಇಲ್ಲಪ್ಪಾ! ನಮ್ಮ ಹುಡುಗಿ ಮನೋಬಲ ಅಂದ್ರೆ ಏನಂದ್ಕೊಂಡೆ… ಹೋಗಮ್ಮಾ, ಸೂಪು ತಗೊಂಡ್ಬಾ.”

ಅವಳು ಅಡುಗೆಮನೆಗೆ ಹೋದಳು. ‘ಗೊಂಬೆ ಥರ ಕೂತ್ಕೊಳ್ಳಿ…’ ಅವನ ಮಾತು ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಆ ಗುಂಗಿನಲ್ಲೇ ಒಲೆಯ ಮೇಲಿದ್ದ ಪಾತ್ರೆ ಎತ್ತಿಕೊಂಡು ಊಟದ ಮೇಜಿನ ಹತ್ತಿರ ಬಂದು ನಿಂತಳು.

ಪಾತ್ರೆಯಲ್ಲಿ ಸೂಪು ಇನ್ನೂ ಕುದಿಯುತ್ತಿತ್ತು.

“ಕೈ!” ಅತ್ತೆ ಕಿಟಾರನೆ ಕಿರುಚಿದಳು. “ಕೈ ಕಣೇ! ಬಟ್ಟೆ ಹಿಡಿದಿಲ್ಲ! ಇಡೇ ಕೆಳಗೆ!”

ಅವಳು ನೋಡಿಕೊಂಡಳು. ಬರಿಗೈ! ಮೆಲ್ಲಗೆ ಪಾತ್ರೆ ಇಳಿಸಿ ಅಂಗೈ ತಿರುಗಿಸಿದಳು. ಕೆಂಡದಂತೆ ಕೆಂಪು. ಬೊಬ್ಬೆ ಏಳುತ್ತಿದ್ದವು. ನೋವು ಮಾತ್ರ ಇರಲೇ ಇಲ್ಲ.

ಅವಳಿಗೆ ಅಳು ಬಂತು. ಸುಟ್ಟಿದ್ದಕ್ಕಲ್ಲ… ಸುಟ್ಟದ್ದು ತಿಳಿಯದೇ ಹೋದದ್ದಕ್ಕೆ! ಆ ಕೈಯಿಂದಲೇ ಅವಳು ಅನ್ನ ದುಡಿದಿದ್ದಳು. ಗುಂಡಮ್ಮ ಅಂತ ಜಗತ್ತೇ ನಕ್ಕ ಕಾಲದಲ್ಲೂ ಅವಳ ಕತ್ತರಿಯನ್ನು ನೋಡಿ ಯಾರೂ ನಕ್ಕಿರಲಿಲ್ಲ. ಯಾರಿಗಾಗಿ ಇದನ್ನು ಕಳೆದುಕೊಳ್ಳುತ್ತಿದ್ದೇನೆ? ಈ ಸ್ಪಂಜು ಒತ್ತುವವರಿಗಾ?

“ಗ್ಯಾರಂಟಿ ಕೇಳಿದ್ರಲ್ಲ,” ಎಂದಳು ಮಗನ ಕಡೆ ತಿರುಗಿ. “ಕೇಳಿ. ನಂದು ಮನೋಬಲ ಅಲ್ಲ, ಆಪರೇಷನ್ನು. ಹೊಟ್ಟೆ ಮೊಟ್ಟೆಯಷ್ಟಿದೆ. ಸಾಯೋವರ್ಗೂ ಮಾತ್ರೆ ತಿನ್ಬೇಕು. ನೆಟ್ಟಗೆ ತಿನ್ನದೆ ನರ ಹಾಳು ಮಾಡ್ಕೊಂಡಿದ್ದೀನಿ. ನಿಮ್ಮ ಶೋರೂಮಲ್ಲಿ ನಿಲ್ಲಿಸೋಕೆ ಈ ಮಾಲು ಆಗಲ್ಲ.”

“ರಿಪೇರಿ ಆದ ಹುಡುಗೀನಾ ನಮ್ಮ ತಲೆಗೆ ಕಟ್ಟೋಕೆ ನೋಡಿದ್ರಾ!” ಯಜಮಾನಿ ಎದ್ದು ನಿಂತಳು.

“ಹೌದು. ನಾನು ರಿಪೇರಿನಾದ್ರೂ ಆದೆ, ನೀವು ಹಳೇ ಮಾಲಾಗೇ ಉಳ್ಕೊಂಡ್ರಿ. ಬಾಗಿಲು ಆ ಕಡೆ.”

ಹೊರಡುವ ಮುನ್ನ ಮಗ ತಟ್ಟೆಯಲ್ಲಿದ್ದ ಸಿಹಿಯನ್ನು ಬಾಯಿಗೆ ಹಾಕಿಕೊಂಡ. ಅಷ್ಟು ಮಾತ್ರ ಅವನಿಂದ ಆಯಿತು.

ಅತ್ತೆ ಅವಳ ಕೈಗಳನ್ನು ನಲ್ಲಿಯಡಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. “ನಾನೇ ಕಣೇ… ಒಂದೇ ಲೋಟಕ್ಕೆ ಹಾಕಿಕೊಟ್ಟ ಪಾಪಿ ನಾನೇ. ಜನಕ್ಕೆ ಹೆದರಿ ನಿನ್ನ ಕೈ ತೆಗೆದುಬಿಟ್ನಲ್ಲೇ…”

“ಅಳ್ಬೇಡ ಅತ್ತೆ. ನುಂಗಿದೋಳು ನಾನು ತಾನೆ. ಬ್ರೇಕ್ ಮೇಷ್ಟ್ರಿಗೆ ಫೋನ್ ಮಾಡು.”

ಅವನು ಬಂದಾಗ ತಲೆಗೆ ಟೋಪಿ ಇತ್ತು. ಅವಳ ಅಂಗೈ ನೋಡಿದ. ಬೈಯುತ್ತಾನೆ ಅಂದುಕೊಂಡಳು. ಅವನ ಕಣ್ಣು ತುಂಬಿತು. ಕಾರಿನ ಬಾಗಿಲು ತೆಗೆದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತದ ವರದಿ ನೋಡಿ ಅತ್ತೆ ಸೊಸೆ ಇಬ್ಬರಿಗೂ ಚೆನ್ನಾಗಿ ಉಗಿದರು. ಬಿ-12 ತಳ ಕಂಡಿತ್ತು, ಐರನ್ನೂ ಕಡಿಮೆ. ಇಂಜೆಕ್ಷನ್ ಶುರುವಾಯಿತು. ಮಾತ್ರೆಗಳು ಬೇರೆ ಬೇರೆ ಹೊತ್ತಿಗೆ ಹಂಚಿಹೋದವು.

“ಸ್ಪರ್ಶ ವಾಪಸ್ ಬರುತ್ತಾ ಡಾಕ್ಟರೇ?” ಕೇಳುವಾಗ ಅವಳ ದನಿ ಒಡೆಯಿತು.

“ಬರೋ ಸಾಧ್ಯತೆ ಇದೆ. ನಿಧಾನಕ್ಕೆ. ಎಷ್ಟು ಬರುತ್ತೆ ಅಂತ ಈಗ್ಲೇ ಹೇಳೋಕಾಗಲ್ಲ. ಅಲ್ಲಿವರ್ಗೂ ಕತ್ತರಿ ಮುಟ್ಬೇಡಿ.”

ಬೊಬ್ಬೆ ಮಾಯುವ ತನಕ ಪಾರ್ಲರು ಮುಚ್ಚಿತ್ತು. ತೆರೆದ ದಿನ ಅವಳು ಮಾಡಿದ ಮೊದಲ ಕೆಲಸ, ಪಟದಡಿಯ ‘ಎಲ್ಲಾ ಮನೋಬಲ!’ ಅನ್ನು ಕಿತ್ತೆಸೆದದ್ದು. ಎರಡು ಫೋಟೋ ಹಾಗೇ ಉಳಿದವು. ಕೇಳಿದವರಿಗೆಲ್ಲ ಇದ್ದದ್ದನ್ನು ಇದ್ದಂತೆ ಹೇಳಿದಳು. ಕೆಲವರು ಮೂಗು ಮುರಿದರು. ಮುರಿಯಲಿ, ಬೇರೆ ಕೆಲಸ ಏನಿದೆ ಅವರಿಗೆ!

ಲೈಬ್ರರಿ ಅಕ್ಕ ಮಾತ್ರ ಎದುರಿಗೆ ಬಂದು ನಿಂತಳು. “ನಿನ್ನ ಮಾತು ನಂಬಿ ಊಟ ಬಿಟ್ಟು, ತಲೆಸುತ್ತಿ ಮೆಟ್ಟಿಲಲ್ಲಿ ಬಿದ್ದಿದ್ದೆ. ನಾಚಿಕೆ ಆಗ್ಲಿಲ್ವಾ ನಿನಗೆ?”

“ಆಗ ಆಗ್ಲಿಲ್ಲ ಅಕ್ಕಾ. ಈಗ ಆಗ್ತಿದೆ. ತಪ್ಪಾಯ್ತು.”

ಲೈಬ್ರರಿ ಅಕ್ಕ ದುರುಗುಟ್ಟಿ ನೋಡಿದಳು. ಆಮೇಲೆ ಕುರ್ಚಿಯಲ್ಲಿ ಧೊಪ್ಪನೆ ಕೂತು, “ತಲೆನಾದ್ರೂ ತೊಳಿ. ಅದಕ್ಕೆ ಕತ್ತರಿ ಬೇಡ್ವಲ್ಲ,” ಎಂದಳು.

ಹಾಗೆ ತಲೆ ತೊಳೆಯುವುದು, ಬಣ್ಣ ಹಚ್ಚುವುದು ಮಾಡಿಕೊಂಡೇ ಪಾರ್ಲರು ನಡೆಯಿತು.

ಇನ್ನು ಬ್ರೇಕ್ ಮೇಷ್ಟ್ರು ಏನು ಮಾಡಿದ ಗೊತ್ತೇ? ಕಾರಿನಲ್ಲಿ ಪಾಠ ಹೇಳುತ್ತಾ ಪಾರ್ಲರಿನ ಮುಂದೆ ಹಾದುಹೋಗುವಾಗ ಹಾರನ್ ಹೊಡೆಸುತ್ತಿದ್ದ. ಒಂದು ಸಲ ‘ಪೀಂ’ ಅಂದರೆ ಐರನ್ ಮಾತ್ರೆಯ ಹೊತ್ತು. ಎರಡು ಸಲ ಅಂದರೆ ಕ್ಯಾಲ್ಸಿಯಂ. ಅಡುಗೆಮನೆಯ ಬಾಗಿಲು ಹಾಕಿಕೊಂಡು ನುಂಗುತ್ತಿದ್ದ ಮಾತ್ರೆ ಈಗ ಇಡೀ ಬೀದಿಗೆ ಗೊತ್ತು! ಪೀಂ ಅಂದರೆ ಎದುರಿನ ಅಂಗಡಿಯವರೂ, “ಮೇಡಂ, ಮಾತ್ರೆ!” ಅನ್ನುತ್ತಿದ್ದರು. ಅವಳು ಬಾಗಿಲಿಗೆ ಬಂದು ಲೋಟ ಎತ್ತಿ ತೋರಿಸುತ್ತಿದ್ದಳು. ಅವನು ಟೋಪಿ ಎತ್ತುತ್ತಿದ್ದ. ಒಳಗೆ ಅದೇ ತಲೆ. ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. ಎಲ್ಲಿಯೂ ಕ್ರಾಪು ಮಾಡಿಸಿರಲಿಲ್ಲ.

‘ಹುಚ್ಚ…’ ಅಂದುಕೊಳ್ಳುತ್ತಿದ್ದಳು. ಅನ್ನುವಾಗ ಎದೆ ತುಂಬಿ ಬರುತ್ತಿತ್ತು.

ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ಲೈಬ್ರರಿ ಅಕ್ಕನ ತಲೆಗೆ ನೀರು ಹಾಕುತ್ತಿದ್ದವಳು ಥಟ್ಟನೆ ನಿಂತಳು.

“ಅಕ್ಕಾ… ನೀರು ಬೆಚ್ಚಗಿದೆ!”

“ನೀನೇ ಕಾಯ್ಸಿದ್ದಲ್ವೇನೇ?”

“ಅಲ್ಲಕ್ಕಾ! ನನಗೆ… ನನ್ನ ಬೆರಳಿಗೆ ಬೆಚ್ಚಗಿದೆ!”

ಸೋಪಿನ ನೊರೆ ಕಣ್ಣಿಗಿಳಿಯುತ್ತಿದ್ದರೂ ಲೈಬ್ರರಿ ಅಕ್ಕ ಅವಳನ್ನು ತಬ್ಬಿಕೊಂಡಳು.

ಇನ್ನೂ ಕೆಲವು ವಾರ ಕಾದು, ಡಾಕ್ಟರಮ್ಮ ಸೂಜಿಯ ಮೊನೆ ತಾಗಿಸಿ ಪರೀಕ್ಷೆ ಮಾಡಿ “ಹೂಂ” ಅಂದ ಮೇಲೆ, ಅವಳು ಮೈದಾನಕ್ಕೆ ಹೋಗಿ ಕಾರಿನ ಗಾಜು ತಟ್ಟಿದಳು.

“ಬನ್ನಿ. ಬಾಕಿ ಅರ್ಧ ಮುಗಿಸ್ತೀನಿ.”

ಅವನು ಅದೇ ಕುರ್ಚಿಯಲ್ಲಿ ಕೂತು ಟೋಪಿ ತೆಗೆದ. ಅವಳು ಕತ್ತರಿ ಎತ್ತಿಕೊಂಡಳು. ಲೋಹ ತಣ್ಣಗಿತ್ತು. ಆ ತಂಪು ಬೆರಳಿಗೆ ತಿಳಿಯಿತಲ್ಲ ಎಂದು ಕಣ್ಣು ಒದ್ದೆಯಾಯಿತು.

“ಹೆದರಿಕೆ ಆಗಲ್ವಾ?”

“ಆದ್ರೇನು, ಇನ್ನೊಂದು ಕಿವಿ ಇದೆಯಲ್ಲ.”

ಎಡಗಡೆಯ ಪೊದೆ ನಿಧಾನವಾಗಿ ಇಳಿಯಿತು. ಪ್ರತಿ ಎಳೆಯನ್ನೂ ಬೆರಳಿನಲ್ಲಿ ಹಿಡಿದು, ತಿಳಿದು, ಆಮೇಲೆ ಕತ್ತರಿಸಿದಳು. ಕೊನೆಗೆ ಬಲಗಿವಿಯ ಹಿಂದಿನ ಗಾಯದ ಗುರುತಿನ ಮೇಲೆ ಅವಳ ಬೆರಳು ನಿಂತಿತು.

“ಏನ್ ತಿಳೀತಿದೆ?” ಎಂದು ಕೇಳಿದ. ದನಿಯಲ್ಲಿ ಮೇಷ್ಟ್ರು ಇರಲಿಲ್ಲ.

“ಸಣ್ಣ ಗೆರೆ… ನಾನು ಮಾಡಿದ್ದು.”

“ಇನ್ನು?”

“ಕಿವಿ ಬಿಸಿಯಾಗಿದೆ. ಯಾಕ್ರೀ?”

“ಅವತ್ತು ಮೈದಾನದಲ್ಲಿ ಕೇಳಿದ್ಯಲ್ಲ, ನಿಮಗೇನು ನೋವು ಅಂತ…” ಮೊದಲ ಸಲ ಅವನು ‘ನೀನು’ ಅಂದಿದ್ದ. “ಆ ಸೋಫಾ ಅಂಗಡಿಯೋನ ಹೆಸರೆತ್ತಿದಾಗ ನನ್ನ ಉಸಿರೇ ನಿಂತಿತ್ತು. ಅದಕ್ಕೇ ಅಷ್ಟು ಕೆಟ್ಟದಾಗಿ ಬೈದೆ. ನನ್ನನ್ನ ಮದುವೆ ಆಗ್ತೀಯಾ? ನಮ್ಮಿಬ್ರ ಹೊಟ್ಟೆನೂ ಪುಟ್ಟದು. ಒಂದೇ ತಟ್ಟೆ ಸಾಕು.”

ಅವಳು ಕನ್ನಡಿಯಲ್ಲಿ ಅವನನ್ನು ನೋಡಿದಳು. ಅತ್ತು, ನಕ್ಕು, ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಹೊರಗೆ ‘ಪೀಂ’ ಅಂತ ಹಾರನ್! ಕಾರಿನಲ್ಲಿ ಕಾದು ಕೂತಿದ್ದ ಕೆಂಪು ಕನ್ನಡಕದ ಅಜ್ಜಿ ಕಿಟಕಿಯಿಂದ ಕೂಗಿದಳು. “ಐರನ್ನು ಕಣಮ್ಮಾ! ಹೊತ್ತಾಯ್ತು!”

ಅವಳು ಮಾತ್ರೆ ನುಂಗಿ, ನೀರು ಕುಡಿದು ಅವನ ಹಿಂದೆ ಬಂದು ನಿಂತಳು.

“ಉತ್ತರ?” ಎಂದ.

“ಎರಡು ಗಂಟೆ ಬಿಟ್ಟು.”

“ಎರಡು ಗಂಟೆನಾ! ಅನ್ಯಾಯ ಇದು!”

“ನೀವೇ ಹೇಳ್ಕೊಟ್ಟಿದ್ದಲ್ವಾ, ಮಧ್ಯೆ ಎರಡು ಗಂಟೆ ಬಿಡ್ಬೇಕು ಅಂತ? ಕಾಯೋಕಾಗಲ್ವಾ?”

“ಕಾಯ್ತೀನಿ. ಅರ್ಧ ಕ್ರಾಪಲ್ಲಿ ಇಷ್ಟು ದಿನ ಕಾದೋನಿಗೆ ಇದು ಹೆಚ್ಚಾ? ಆದ್ರೆ ಈ ಕುರ್ಚಿ ಬಿಟ್ಟು ಏಳಲ್ಲ.”

“ಏಳ್ಬೇಡಿ.” ಅವಳು ಎರಡೂ ಅಂಗೈಯನ್ನು ಅವನ ತಲೆಯ ಮೇಲಿಟ್ಟಳು. “ನಾನೂ ಕೈ ತೆಗೆಯಲ್ಲ.”